ಬೀರುವಿನಲ್ಲಿ ಕೂತ ಕ್ಯಾಮೆರಾ

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಳೆಯ ಕ್ಯಾಮೆರಾ ಬೆಳಕು ಕಾಣುವುದು ವರ್ಷಕ್ಕೊಂದೇ ದಿನ, ಆಯುಧಪೂಜೆಗೆ. ಬೀರುವಿನ ಮೇಲಿನ ಖಾನೆಯಿಂದ ಚರ್ಮದ ಚೀಲ ಇಳಿಯುತ್ತದೆ. ಹೊಲಿಗೆ ಯಂತ್ರ, ಸ್ಕೂಟರು, ಮಕ್ಕಳ ಜಾಮಿಟ್ರಿ ಬಾಕ್ಸು, ಇವುಗಳ ಜೊತೆಗೆ ಅದಕ್ಕೂ ಅರಿಸಿನ ಕುಂಕುಮ, ಒಂದು ಸೇವಂತಿಗೆ ಹೂವು. ಮಾರನೆಯ ದಿನ ಕುಂಕುಮ ಒರೆಸಿ ಮತ್ತೆ ಒಳಗೆ. "ಅಜ್ಜನ ಕಾಲದ್ದು, ಭದ್ರವಾಗಿರಲಿ" ಅನ್ನುತ್ತಾರೆ. ಅವರ ಪ್ರೀತಿಯಲ್ಲಿ ಸುಳ್ಳಿಲ್ಲ. ಆದರೆ ನಲವತ್ತು ವರ್ಷದಿಂದ ಇಂಥ ಕ್ಯಾಮೆರಾಗಳನ್ನು ಬಿಚ್ಚಿ, ಒರೆಸಿ, ಮತ್ತೆ ಕೂಡಿಸುತ್ತ ಬಂದವನಾಗಿ ನಾನು ಹೇಳಬೇಕಾದ್ದು ಒಂದೇ ಮಾತು: ಹಾಗೆ ಭದ್ರವಾಗಿಟ್ಟದ್ದೇ ಮೊದಲು ಹಾಳಾಗುವುದು. ಕೈಯಲ್ಲಿ ಓಡಾಡಿಕೊಂಡಿದ್ದ ಕ್ಯಾಮೆರಾ ಅರವತ್ತು ವರ್ಷ ಆದರೂ ಕೆಲಸ ಮಾಡುತ್ತದೆ.

ಈ ಕೆಲಸದ ನಂಟು ನನಗೆ ಹತ್ತಿದ್ದು ಬೆಂಗಳೂರಿನ ಉಪ್ಪಾರಪೇಟೆಯಲ್ಲಿ. ಉಪ್ಪಾರಪೇಟೆ ಎಂದರೆ ಈಗಿನವರಿಗೆ ಮೆಜೆಸ್ಟಿಕ್ ಹತ್ತಿರದ ಒಂದು ಪೊಲೀಸ್ ಠಾಣೆಯ ಹೆಸರು. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ ಇದ್ದ ಹಾಗೆ ಇದು ಉಪ್ಪಾರರ ಹೆಸರು ಹೊತ್ತ ಪೇಟೆ. ಪಕ್ಕದಲ್ಲಿ ಅಣ್ಣಮ್ಮನ ಗುಡಿ, ಆಚೆಗೆ ಒಂದು ಕಾಲದ ಧರ್ಮಾಂಬುಧಿ ಕೆರೆ. ಕೆರೆ ಬತ್ತಿ ಮೈದಾನವಾಯಿತು, ಮೈದಾನ ಹೋಗಿ ಬಸ್ ನಿಲ್ದಾಣವಾಯಿತು. ನನ್ನ ಸೋದರಮಾವನ ಗಡಿಯಾರ ರಿಪೇರಿ ಅಂಗಡಿ ಇದ್ದದ್ದು ಈ ಪೇಟೆಯ ಒಂದು ಗಲ್ಲಿಯಲ್ಲಿ. ಅಂಗಡಿ ಅಂದರೆ ಮಹಡಿ ಮೆಟ್ಟಿಲ ಕೆಳಗಿನ ಜಾಗ ಅಷ್ಟೆ: ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಕತ್ತು ಬಗ್ಗಿಸಬಹುದಾದ ಒಂದು ದೀಪ. 1961ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿಯವರ ಗಡಿಯಾರ ಕಾರ್ಖಾನೆ ಶುರುವಾದ ಮೇಲೆ ಊರಿನವರ ಮುಂಗೈಗೆಲ್ಲ ಕೀ ಕೊಡುವ ಗಡಿಯಾರ ಬಂತು, ಮಾವನಿಗೆ ಕೈತುಂಬ ಕೆಲಸವೂ ಬಂತು. ಗಡಿಯಾರದವರ ಹತ್ತಿರ ಸಣ್ಣ ಸ್ಕ್ರೂಡ್ರೈವರು, ಚಿಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಇರುವುದರಿಂದ ಕೆಟ್ಟ ಕ್ಯಾಮೆರಾಗಳೂ ಅಲ್ಲಿಗೇ ಬರುತ್ತಿದ್ದವು. ಗಾಂಧಿನಗರದ ಸಿನಿಮಾದವರ ಸಾಮಾನು ಅಷ್ಟಾಗಿ ಬರುತ್ತಿರಲಿಲ್ಲ, ಅವರಿಗೆ ಅವರದೇ ಜನ ಇದ್ದರು. ಬರುತ್ತಿದ್ದದ್ದು ಮೇಷ್ಟ್ರುಗಳದು, ಬ್ಯಾಂಕಿನವರದು, ಮದುವೆ ಫೋಟೊ ತೆಗೆಯುವವರದು.

ನಮ್ಮ ಮನೆಯ ಕ್ಯಾಮೆರಾ ಬಂದದ್ದು ಭಿಲಾಯಿಯಿಂದ. ಸೋವಿಯತ್ ನೆರವಿನಲ್ಲಿ ಕಟ್ಟಿದ ಆ ಉಕ್ಕಿನ ಕಾರ್ಖಾನೆಯಲ್ಲಿ ನಮ್ಮ ಚಿಕ್ಕಪ್ಪ ಕೆಲಸದಲ್ಲಿದ್ದರು. ಊರಿಗೆ ಹೊರಟ ರಷ್ಯದ ಎಂಜಿನಿಯರೊಬ್ಬರು ಮನೆ ಸಾಮಾನು ಮಾರುವಾಗ ಇವರು ಕೊಂಡದ್ದು ಒಂದು ಝೋರ್ಕಿ-4. ಝೋರ್ಕಿ ಎಂದರೆ ರಷ್ಯನ್ ಭಾಷೆಯಲ್ಲಿ ಚುರುಕು ಕಣ್ಣಿನವನು ಎಂದರ್ಥ. ಮಾಸ್ಕೊ ಹತ್ತಿರದ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆಯ ಸರಕು. 1956ರಿಂದ 1973ರ ತನಕ ಹದಿನೇಳು ಲಕ್ಷದಷ್ಟು ತಯಾರಾದವು. ಕೈಗೆತ್ತಿಕೊಂಡರೆ ಅಡುಗೆಮನೆಯ ಕಲ್ಲುಗುಂಡಿನ ಭಾರ. ಅದರ ಮುಂದೆ ಜ್ಯೂಪಿಟರ್-8 ಎಂಬ 50 ಮಿಲಿಮೀಟರಿನ ಲೆನ್ಸು.

ಇದು ರೇಂಜ್‌ಫೈಂಡರ್ ಜಾತಿಯ ಕ್ಯಾಮೆರಾ. ಹಾಗೆಂದರೇನು ಎಂದು ತಿಳಿಯಲು ಹೆಬ್ಬೆರಳನ್ನು ಮೂಗಿನ ಮುಂದೆ ಹಿಡಿದು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ ನೋಡಿ. ಬೆರಳು ಅತ್ತಿಂದಿತ್ತ ಜಿಗಿಯುತ್ತದೆ. ಅದೇ ಬೆರಳನ್ನು ತೋಳು ಚಾಚಿ ಹಿಡಿದರೆ ಜಿಗಿತ ಕಡಿಮೆ. ದೂರ ಹೆಚ್ಚಿದಷ್ಟೂ ಜಿಗಿತ ಕಡಿಮೆಯಾಗುತ್ತ ಹೋಗುತ್ತದೆ. ಅಂದರೆ ಜಿಗಿತ ಅಳೆದರೆ ದೂರ ಸಿಕ್ಕಿತು. ಈ ಕ್ಯಾಮೆರಾದ ಮುಖದಲ್ಲೂ ಎರಡು ಕಣ್ಣುಗಳಿವೆ. ದೊಡ್ಡ ಕಿಟಕಿಯಿಂದ ನೋಟ ನೇರವಾಗಿ ಬರುತ್ತದೆ. ಪಕ್ಕದ ಪುಟ್ಟ ಕಿಟಕಿಯಿಂದ ಬಂದ ನೋಟ ಒಳಗೆ ಅರೆಪಾರದರ್ಶಕ ಕನ್ನಡಿಗೆ ಬಡಿದು ಮೊದಲನೆಯದರ ನಡುವೆ ಒಂದು ಸಣ್ಣ ಚುಕ್ಕೆಯಾಗಿ ಕೂರುತ್ತದೆ. ನೀವು ಲೆನ್ಸಿನ ಬಳೆ ತಿರುಗಿಸಿದಂತೆ ಒಳಗಿನ ಒಂದು ಸನ್ನೆ ಅಲುಗಿ, ಎರಡನೆಯ ಬಿಂಬ ಮೆಲ್ಲಗೆ ಅಡ್ಡಡ್ಡ ಸರಿಯುತ್ತದೆ. ಎರಡೂ ಬಿಂಬ ಒಂದರ ಮೇಲೊಂದು ಕೂತ ಕ್ಷಣ ಲೆನ್ಸು ಸರಿಯಾದ ದೂರಕ್ಕೆ ನಿಂತಿದೆ ಎಂದರ್ಥ.

ಭೂಮಾಪನದವರು ಬಳಸುವ ತ್ರಿಕೋನದ ಲೆಕ್ಕವೇ ಇದು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಇದೇ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ಉದ್ದದ ಒಂದು ಗೆರೆಯನ್ನು ಉಕ್ಕಿನ ಸರಪಳಿ ಹಿಡಿದು ಅಳೆದರು. ಎರಡು ತುದಿಯಿಂದ ಒಂದು ಗುಡ್ಡದ ಕಡೆ ಕೋನ ಹಿಡಿದರೆ, ಗುಡ್ಡ ಎಷ್ಟು ದೂರ ಎಂಬುದು ಹತ್ತದೆಯೇ ಗೊತ್ತಾಗುತ್ತದೆ. ಲ್ಯಾಂಬ್ಟನ್ನರ ಗೆರೆ ಏಳು ಮೈಲಿ. ನಮ್ಮ ಝೋರ್ಕಿಯ ಎರಡು ಕಿಟಕಿಗಳ ನಡುವಿನ ಗೆರೆ 38 ಮಿಲಿಮೀಟರು. ಜರ್ಮನಿಯ ಲೈಕಾ ಎಂ3 ಕ್ಯಾಮೆರಾದ್ದು ಸುಮಾರು 7 ಸೆಂಟಿಮೀಟರು, ಸೋವಿಯತ್ತಿನ ಕೀವ್ ಕ್ಯಾಮೆರಾದ್ದು 9. ಗೆರೆ ಉದ್ದ ಆದಷ್ಟೂ ಅಳತೆ ನಿಖರ. ಅಷ್ಟು ಪುಟ್ಟ ಗೆರೆಯಿಟ್ಟುಕೊಂಡು, ಎದುರಿಗೆ ಕೂತ ಅಜ್ಜಿಯ ಮೂಗುಬೊಟ್ಟಿಗೂ ಕಿವಿಯ ಓಲೆಗೂ ಇರುವ ವ್ಯತ್ಯಾಸವನ್ನು ಈ ಯಂತ್ರ ಹಿಡಿಯುತ್ತದಲ್ಲ, ನಲವತ್ತು ವರ್ಷವಾದರೂ ನನಗೆ ಅದರ ಬೆರಗು ಹೋಗಿಲ್ಲ.

ಇದರ ವಂಶದ ಕಥೆಯನ್ನೂ ಸ್ವಲ್ಪ ಹೇಳಬೇಕು. ಸಿನಿಮಾ ಫಿಲ್ಮನ್ನು ಅಡ್ಡ ಮಲಗಿಸಿ ಜೇಬಿನಲ್ಲಿಡುವಷ್ಟು ಸಣ್ಣ ಕ್ಯಾಮೆರಾ ಮಾಡಿದವರು ಜರ್ಮನಿಯ ಆಸ್ಕರ್ ಬರ್ನಾಕ್. ಅದು ಲೈಕಾ ಎಂಬ ಹೆಸರಿನಲ್ಲಿ 1925ರಲ್ಲಿ ಮಾರುಕಟ್ಟೆಗೆ ಬಂತು. 1932ರ ಲೈಕಾದಲ್ಲಿ ಈ ದೂರ ಅಳೆಯುವ ಕಿಟಕಿ ಲೆನ್ಸಿಗೇ ಜೋಡಿಕೊಂಡಿತು. ಎರಡೇ ವರ್ಷಕ್ಕೆ ಉಕ್ರೇನಿನ ಖಾರ್ಕಿವ್‌ನಲ್ಲಿ ಅದರ ಪಡಿಯಚ್ಚು ಹುಟ್ಟಿತು. ಮಾಡಿದವರು ದಿಕ್ಕಿಲ್ಲದ ಮಕ್ಕಳು. ಬೀದಿಯ ಪಾಲಾಗಿದ್ದ ಮಕ್ಕಳಿಗಾಗಿ ಶಿಕ್ಷಣತಜ್ಞ ಮಕರೆಂಕೊ ನಡೆಸುತ್ತಿದ್ದ ಜೆರ್ಜಿನ್ಸ್ಕಿ ಕಮ್ಯೂನಿನಲ್ಲಿ ಆ ಹುಡುಗ ಹುಡುಗಿಯರು ಫೆಡ್ ಎಂಬ ಕ್ಯಾಮೆರಾ ತಯಾರಿಸಿದರು. ಯುದ್ಧ ಮುಗಿದ ಮೇಲೆ ಜರ್ಮನಿಯ ಝೈಸ್ ಕಾರ್ಖಾನೆಗಳ ಯಂತ್ರೋಪಕರಣ ಸೋವಿಯತ್ ಕೈಸೇರಿ, ಅಲ್ಲಿನ ಕಾಂಟ್ಯಾಕ್ಸ್ ಕ್ಯಾಮೆರಾ ಕೀವ್ ಆಯಿತು, ಲುಡ್‌ವಿಗ್ ಬರ್ಟೆಲೆ ರೂಪಿಸಿದ ಸೊನಾರ್ ಲೆನ್ಸು ಜ್ಯೂಪಿಟರ್ ಆಯಿತು. ಜಪಾನಿನವರು ಮನೆಮಂದಿಗೆಂದು ಯಾಶಿಕಾ ಎಲೆಕ್ಟ್ರೊ, ಕ್ಯಾನೊನೆಟ್ ಮಾಡಿದರು. ನಮ್ಮೂರಿನ ಬೀರುಗಳಲ್ಲಿ ಹೆಚ್ಚಾಗಿ ಸಿಗುವುದು ಈ ಜಪಾನಿನವು, ಅಪರೂಪಕ್ಕೆ ರಷ್ಯದವು.

ಭಾನುವಾರದ ಹಳೆ ಸಾಮಾನು ಬಜಾರಿನಲ್ಲಿ ಕ್ಯಾಮೆರಾ ಕೊಳ್ಳುವವರಿಗೆ ಒಂದು ಮಾತು. ಹೊಳೆಯುವ ಚಿನ್ನದ ಬಣ್ಣ, ಯುದ್ಧಕಾಲದ ಮುದ್ರೆ, ಮೇಲೆ ಲೈಕಾ ಎಂಬ ಕೆತ್ತನೆ ಕಂಡು ಮರುಳಾಗಬೇಡಿ. ಹಳೆಯ ಫೆಡ್, ಝೋರ್ಕಿಗಳ ಮೇಲೆ ಹಾಗೆ ಕೆತ್ತಿ ಮಾರುವುದು ಉಂಟು. ಲೆನ್ಸು ತಿರುಗಿಸಿ ಬಿಚ್ಚಿ ಒಳಗೆ ನೋಡಿ. ಲೆನ್ಸಿನ ಬೆನ್ನಿಗೆ ತಾಗುವ ಸನ್ನೆಯ ತುದಿಯಲ್ಲಿ ಪುಟ್ಟ ಉರುಳುಗಾಲಿ ಇದ್ದರೆ ಲೈಕಾ. ಬೆಣೆಯಂಥ ಗಟ್ಟಿ ತುಂಡಿದ್ದರೆ ರಷ್ಯದ್ದು. ರಷ್ಯದ್ದಾದರೆ ಬೇಡ ಎನ್ನುತ್ತಿಲ್ಲ, ರಷ್ಯದ ಬೆಲೆ ಕೊಟ್ಟು ತನ್ನಿ. ಆ ಲೆನ್ಸು ಲೈಕಾದ ಮೈಗೂ ಹಿಡಿಯುತ್ತದೆ. ಆದರೆ ಇಬ್ಬರ ಅಳತೆಯಲ್ಲಿ ಒಂದು ಕೂದಲೆಳೆ ವ್ಯತ್ಯಾಸವಿರುವುದರಿಂದ ಹತ್ತಿರದ ಚಿತ್ರದಲ್ಲಿ ಫೋಕಸ್ ತಪ್ಪುತ್ತದೆ.

ನಾನು ಮಾಡಿದ ತಪ್ಪೊಂದನ್ನು ಹೇಳುತ್ತೇನೆ, ಬೇರೆಯವರ ಕ್ಯಾಮೆರಾ ಉಳಿದೀತು. ಆಗ ನಾನು ಪಿಯುಸಿ. ಕೈಗೆ ಝೋರ್ಕಿ ಸಿಕ್ಕ ಸಂಭ್ರಮದಲ್ಲಿ ಶಟರಿನ ವೇಗದ ಗುಂಡಿಯನ್ನು ಅತ್ತ ಇತ್ತ ತಿರುಗಿಸಿದೆ. ಒಳಗೆ ಟಕ್ ಎಂದಿತು, ಆಮೇಲೆ ಸುತ್ತುವ ಗುಂಡಿ ಅಲುಗಲಿಲ್ಲ. ಈ ಕ್ಯಾಮೆರಾಕ್ಕೆ ಒಂದು ಕಟ್ಟುನಿಟ್ಟಿದೆ: ಮೊದಲು ಫಿಲ್ಮ್ ಸುತ್ತಿ ಶಟರನ್ನು ಎಳೆದು ನಿಲ್ಲಿಸಬೇಕು, ಆಮೇಲಷ್ಟೇ ವೇಗ ಬದಲಿಸಬೇಕು. ಮುಂಚೆ ತಿರುಗಿಸಿದರೆ ಒಳಗಿನ ಚಕ್ರಗಳು ಇರಬಾರದ ಕಡೆ ಸಿಕ್ಕಿಕೊಳ್ಳುತ್ತವೆ. ಅಳುಮೋರೆ ಹಾಕಿಕೊಂಡು ಮಾವನ ಹತ್ತಿರ ಹೋದೆ. ಅವರು ಬೈಯಲಿಲ್ಲ. "ಇದೂ ಗಡಿಯಾರವೇ ಕಣೋ. ಮೊದಲು ಕೀ ಕೊಡು, ಆಮೇಲೆ ಮುಳ್ಳು ತಿರುಗಿಸು" ಅಂದರು. ರಾತ್ರಿ ಅಂಗಡಿ ಬಾಗಿಲು ಅರ್ಧ ಎಳೆದು ಬಿಳಿ ಪಂಚೆಯ ತುಂಡು ಹಾಸಿಕೊಂಡು ಬಿಚ್ಚಲು ಕೂತರು. ಬಿಚ್ಚಿದ ತಿರುಪುಗಳನ್ನೆಲ್ಲ ಒಂದು ರಟ್ಟಿನ ಮೇಲೆ ಕ್ಯಾಮೆರಾದ ಚಿತ್ರ ಬರೆದು, ಯಾವುದು ಎಲ್ಲಿಂದ ಬಂತೋ ಆ ಜಾಗಕ್ಕೇ ಚುಚ್ಚಿ ಇಡುತ್ತಿದ್ದರು. ಮೂರು ರಾತ್ರಿ ಹಿಡಿಯಿತು. ಎಣ್ಣೆ ಹಾಕುವಾಗ ಸೂಜಿಯ ಮೊನೆಯನ್ನು ಎಣ್ಣೆಗೆ ಅದ್ದಿ, ಅದನ್ನು ಒಮ್ಮೆ ಒರೆಸಿ, ಉಳಿದ ಪಸೆಯನ್ನು ಅಚ್ಚಿಗೆ ಮುಟ್ಟಿಸಿದರು. "ಎಣ್ಣೆ ಹಾಕಬಾರದು, ತೋರಿಸಬೇಕು" ಎಂಬ ಅವರ ಮಾತು ನನಗೆ ಈಗಲೂ ಕೆಲಸಕ್ಕೆ ಬರುತ್ತಿದೆ. ಎಷ್ಟೋ ಜನ ಬಿಗಿಯಾದ ಶಟರಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ತರುತ್ತಾರೆ. ಎಣ್ಣೆ ತೆಳುವಾದ ತಗಡುಗಳ ಮೇಲೆ ಹರಡಿ ಅವು ಒಂದಕ್ಕೊಂದು ಅಂಟಿ ಕೂತಿರುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ.

ಬಳಕೆಯ ವಿಷಯಕ್ಕೆ ಬರೋಣ. ಈ ಕ್ಯಾಮೆರಾದಲ್ಲಿ ನೀವು ಲೆನ್ಸಿನ ಮೂಲಕ ನೋಡುವುದಿಲ್ಲ, ಪಕ್ಕದ ಕಿಟಕಿಯಿಂದ ನೋಡುತ್ತೀರಿ. ಅದಕ್ಕೇ ಲೆನ್ಸಿನ ಮುಚ್ಚಳ ತೆಗೆಯದಿದ್ದರೂ ಗೊತ್ತಾಗುವುದಿಲ್ಲ; ಮುಚ್ಚಳ ಹಾಕಿಕೊಂಡೇ ಒಂದು ನಾಮಕರಣ ಪೂರ್ತಿ ತೆಗೆದವರನ್ನು ನಾನು ಬಲ್ಲೆ. ಹತ್ತಿರದ ವಸ್ತು ತೆಗೆಯುವಾಗ ಕಿಟಕಿಯ ನೋಟಕ್ಕೂ ಲೆನ್ಸಿನ ನೋಟಕ್ಕೂ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ, ತಲೆಯ ಮೇಲೆ ಒಂದಿಷ್ಟು ಜಾಗ ಬಿಡಬೇಕು. ಕಿಟಕಿಯೇ ಮಂಜಾಗಿ ಕಂಡರೆ ಕ್ಯಾಮೆರಾ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಝೋರ್ಕಿ-4ರಲ್ಲಿ ಫಿಲ್ಮ್ ಹಿಂದಕ್ಕೆ ಸುತ್ತುವ ಗುಂಡಿಯ ಬುಡದಲ್ಲಿ ಒಂದು ಪುಟ್ಟ ಹಿಡಿ ಇದೆ. ಅದನ್ನು ಸರಿಸಿದರೆ ನಿಮ್ಮ ಕಣ್ಣಿನ ನಂಬರಿಗೆ ನೋಟ ಹೊಂದಿಕೊಳ್ಳುತ್ತದೆ. ಅದು ಕನ್ನಡಕದಂಥ ವ್ಯವಸ್ಥೆ ಎಂದು ತಿಳಿಯದೆ ಎಷ್ಟೋ ಒಳ್ಳೆಯ ಕ್ಯಾಮೆರಾ ಗುಜರಿ ಸೇರಿವೆ.

ಫೋಕಸ್ ಮಾಡಲು ನೆಟ್ಟಗಿನ ಗೆರೆ ಹುಡುಕಬೇಕು. ಬಿಂಬ ಸರಿಯುವುದು ಅಡ್ಡಡ್ಡ, ಹಾಗಾಗಿ ಅಡ್ಡ ಗೆರೆಯಲ್ಲಿ ಏನೂ ತಿಳಿಯುವುದಿಲ್ಲ. ಅಂಗಡಿ ಬಾಗಿಲ ಚೌಕಟ್ಟು, ಕಂಬದ ಅಂಚು, ಹಣೆಯ ನಾಮ, ಮೂಗಿನ ಏಣು. ಪೇಟೆಯ ಗಲ್ಲಿಗಳಲ್ಲಿ ಇಂಥ ಗೆರೆಗಳಿಗೆ ಬರವಿಲ್ಲ. ಓಡಾಡುವ ಜನರನ್ನು ತೆಗೆಯುವಾಗ ಇಷ್ಟು ವ್ಯವಧಾನವೂ ಇರುವುದಿಲ್ಲ. ಆಗ ಲೆನ್ಸಿನ ಮೇಲೆ ಕೆತ್ತಿರುವ ಅಂಕಿಗಳು ಕಾಯುತ್ತವೆ. 50 ಮಿಲಿಮೀಟರ್ ಲೆನ್ಸನ್ನು 5 ಮೀಟರಿಗೆ ನಿಲ್ಲಿಸಿ ಬೆಳಕಿನ ಕಂಡಿಯಾದ ಅಪರ್ಚರನ್ನು 8ಕ್ಕೆ ಇಟ್ಟರೆ, ಹೆಚ್ಚುಕಡಿಮೆ ಮೂರೂವರೆ ಮೀಟರಿನಿಂದ ಒಂಬತ್ತೂವರೆ ಮೀಟರಿನ ತನಕ ಎಲ್ಲವೂ ಸ್ಪಷ್ಟ. ಆ ದೂರಕ್ಕೆ ಮನುಷ್ಯ ಬಂದಾಗ ಗುಂಡಿ ಒತ್ತಿದರೆ ಆಯಿತು. ಬೆಳಕಿನ ಲೆಕ್ಕವೂ ಬಾಯಿಪಾಠವೇ: 400 ವೇಗದ ಫಿಲ್ಮಿಗೆ ಸುಡುಬಿಸಿಲಿನಲ್ಲಿ ಅಪರ್ಚರ್ 16, ಶಟರ್ ಐನೂರನೆಯ ಒಂದು ಸೆಕೆಂಡ್. ಗಲ್ಲಿಯ ನೆರಳಿಗೆ ಬಂದರೆ ಅಪರ್ಚರ್ 8, ಶಟರ್ ನೂರಿಪ್ಪತ್ತೈದನೆಯ ಒಂದು. ಒಂದು ತಿಂಗಳು ಹೀಗೆ ಓಡಾಡಿದರೆ ಬೆಳಕು ಅಳೆಯುವ ಮೀಟರಿನ ಹಂಗು ಬಿಟ್ಟು ಹೋಗುತ್ತದೆ. ಬಿಸಿಲು ಕಂಡೊಡನೆ ಅಂಕಿ ಬಾಯಿಗೆ ಬರುತ್ತದೆ.

ನಮ್ಮ ಪೇಟೆಯವರಿಗೆ ವರ್ಷದ ದೊಡ್ಡ ರಾತ್ರಿ ಕರಗ. ಚೈತ್ರ ಹುಣ್ಣಿಮೆಗೆ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟ ಕರಗ ಗಲ್ಲಿ ಗಲ್ಲಿ ಹಾಯುತ್ತದೆ. ಅಷ್ಟೊಂದು ಮಲ್ಲಿಗೆ, ಅಷ್ಟೊಂದು ಕತ್ತಿಗಳು, ನಡುವೆ ಆ ತಲೆಯ ಮೇಲಿನ ಭಾರ. ಕರಗ ಹೊತ್ತವರ ಮುಖಕ್ಕೆ ಫ್ಲಾಶ್ ಹೊಡೆಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಝೋರ್ಕಿಯಲ್ಲಿ ಅಪರ್ಚರ್ ಪೂರ್ತಿ ತೆರೆದು, ಅಂದರೆ 2ಕ್ಕೆ ಇಟ್ಟು, ಮೂವತ್ತನೆಯ ಒಂದು ಸೆಕೆಂಡಿನಲ್ಲಿ ಉಸಿರು ಹಿಡಿದು ಒತ್ತಿದರೆ ಬೀದಿಯ ದೀಪದಲ್ಲೇ ಚಿತ್ರ ಬರುತ್ತದೆ. ಒಳಗೆ ಹಾರುವ ಕನ್ನಡಿ ಇಲ್ಲದ್ದರಿಂದ ಕ್ಯಾಮೆರಾ ಅದುರುವುದು ಕಡಿಮೆ. ಒತ್ತಿದ ಕ್ಷಣದಲ್ಲಿ ನೋಟವೂ ಕಪ್ಪಾಗುವುದಿಲ್ಲ, ಎದುರಿನವರ ಕಣ್ಣು ಮುಚ್ಚಿತ್ತೋ ತೆರೆದಿತ್ತೋ ನಿಮಗೆ ಆಗಲೇ ಗೊತ್ತಿರುತ್ತದೆ. ಝೋರ್ಕಿಯ ಸದ್ದು ತೀರ ಮೆತ್ತಗಿಲ್ಲ, ಲೈಕಾದ್ದು ಪಿಸುಮಾತು. ಕಾರ್ಟಿಯೆ ಬ್ರೆಸಾನ್ ಎಂಬ ಫ್ರೆಂಚ್ ಛಾಯಾಗ್ರಾಹಕ 1948ರ ಜನವರಿ 30ರಂದು, ಗಾಂಧೀಜಿಯ ಹತ್ಯೆಗೆ ಸ್ವಲ್ಪ ಹೊತ್ತಿನ ಮುಂಚೆ ಅವರನ್ನು ಕಂಡು ಬಂದಿದ್ದರು. ಅದೇ ರಾತ್ರಿ ಬಿರ್ಲಾ ಭವನದ ಗೇಟಿನ ಬಳಿ ನೆಹರೂ ಜನಕ್ಕೆ ಸುದ್ದಿ ಹೇಳುತ್ತಿದ್ದುದನ್ನು ಇದ್ದ ಬೆಳಕಿನಲ್ಲೇ ತೆಗೆದರು. ಆ ಚಿತ್ರ ಅಷ್ಟೇನೂ ಸ್ಪಷ್ಟವಾಗಿಲ್ಲ. ಆದರೆ ಆ ಹೊತ್ತಿನ ಕತ್ತಲು ಅದರಲ್ಲಿ ಇದೆ. ಅವರ ಕೈಯಲ್ಲಿದ್ದದ್ದು ಲೈಕಾ. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ಬೀದಿಯ ಮಕ್ಕಳನ್ನು, ಸಾಮಾನ್ಯ ಜನರನ್ನು ಅವರಿಗೆ ಕಿರಿಕಿರಿಯಾಗದ ಹಾಗೆ ಹತ್ತಿರ ಹೋಗಿ ತೆಗೆದ ಚಿತ್ರಗಳನ್ನು ನೋಡುತ್ತ ಬೆಳೆದವನು ನಾನು. ಕ್ಯಾಮೆರಾ ಹಿಡಿದವರಿಗೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ ಎಂದೇ ನನ್ನ ನಂಬಿಕೆ.

ಈಗ ಬೂಷ್ಟಿನ ಮಾತು. ಬೀರುವಿನಲ್ಲಿ ಕೂತ ಕ್ಯಾಮೆರಾವನ್ನು ಕೊಲ್ಲುವುದು ಇದೇ. ಕತ್ತಲು, ತೇವ, ಗಾಳಿಯಾಡದ ಜಾಗ, ಇಷ್ಟು ಸಿಕ್ಕರೆ ಲೆನ್ಸಿನ ಗಾಜಿನ ಮೇಲೆ ಬೂಷ್ಟು ಬೇರು ಬಿಡುತ್ತದೆ. ಮಂಗಳೂರು, ಉಡುಪಿ, ಮಡಿಕೇರಿಯ ಕಡೆಯವರಿಗೆ ಇದು ಹೇಳಬೇಕಾಗಿಲ್ಲ. ಬೆಂಗಳೂರು ಒಣ ಹವೆಯ ಊರೆಂದು ನಾವು ಮೈಮರೆಯುತ್ತೇವೆ, ಆದರೆ ಆಷಾಢದಿಂದ ದೀಪಾವಳಿಯ ತನಕದ ತೇವ ಸಾಕು. ಪರೀಕ್ಷೆ ಸುಲಭ. ಲೆನ್ಸು ಬಿಚ್ಚಿ ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲಿನ ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು. ಕಿಟಕಿ ಗಾಜಿಗೆ ಉಸಿರು ಬಿಟ್ಟ ಹಾಗೆ ಮಬ್ಬಿದ್ದರೆ ಹಳೆಯ ಗ್ರೀಸಿನ ಆವಿ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಉಂಗುರವಿದ್ದರೆ ಎರಡು ಗಾಜನ್ನು ಅಂಟಿಸಿದ ಅಂಟು ಬಿಟ್ಟಿದೆ ಎಂದರ್ಥ. ಒಂದೆರಡು ಗಾಳಿಗುಳ್ಳೆ ಇದ್ದರೆ ಚಿಂತೆ ಬೇಡ, ಹಳೆಯ ಗಾಜಿನಲ್ಲಿ ಅವು ಹುಟ್ಟಿನಿಂದಲೇ ಇರುತ್ತವೆ. ಬೂಷ್ಟನ್ನು ಬೇಗ ಕಂಡರೆ ರಿಪೇರಿಯವರು ಗಾಜು ತೆಗೆದು ಒರೆಸಿಕೊಡುತ್ತಾರೆ. ವರ್ಷಗಟ್ಟಲೆ ಬಿಟ್ಟರೆ ಅದು ಉಗುಳುವ ಆಮ್ಲ ಗಾಜನ್ನೇ ತಿನ್ನುತ್ತದೆ. ಆಮೇಲೆ ಒರೆಸಿದರೂ ಗುರುತು ಉಳಿಯುತ್ತದೆ.

ಬೂಷ್ಟಿಗೆ ಮನೆ ಮಾಡಿಕೊಡುವುದು ನಾವು ಪ್ರೀತಿಯಿಂದ ಉಳಿಸಿಕೊಂಡ ಆ ಚರ್ಮದ ಚೀಲ. ಚರ್ಮ ತೇವ ಹೀರಿಕೊಳ್ಳುತ್ತದೆ, ಹಿಡಿದಿಟ್ಟುಕೊಳ್ಳುತ್ತದೆ. ಚೀಲ ಬೇಕೇ ಬೇಕಾದರೆ ಬೇರೆ ಇಡಿ, ಕ್ಯಾಮೆರಾವನ್ನು ಅದರಲ್ಲಿ ಮಲಗಿಸಬೇಡಿ. ನುಸಿಗುಳಿಗೆಯನ್ನೂ ಜೊತೆಗಿಡಬೇಡಿ, ಅದರ ಆವಿ ಗಾಜಿನ ಮೇಲೆ ಕೂರುತ್ತದೆ. ಹಳೆಯ ಸ್ಟುಡಿಯೊಗಳಲ್ಲಿ ಕ್ಯಾಮೆರಾ ಕಪಾಟಿನೊಳಗೆ ಹಗಲೂ ರಾತ್ರಿ ಒಂದು ಝೀರೊ ವಾಟ್ ಬಲ್ಬ್ ಉರಿಯುತ್ತಿತ್ತು. ಆ ಅಲ್ಪ ಕಾವಿಗೇ ತೇವ ಹತ್ತಿರ ಸುಳಿಯುತ್ತಿರಲಿಲ್ಲ. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಸಾಕು. ಬಣ್ಣ ತಿರುಗಿದ ಜೆಲ್ಲನ್ನು ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಬಣ್ಣದ್ದರಲ್ಲಿ ವಿಷವಿದೆ, ಅಡುಗೆಯ ಬಾಣಲೆಗೆ ಹಾಕಬೇಡಿ. ಎಲ್ಲಕ್ಕಿಂತ ಒಳ್ಳೆಯ ಮದ್ದು ಗಾಳಿ ಬೆಳಕು. ವಾರಕ್ಕೊಮ್ಮೆ ಹೊರಗೆ ಬಂದ ಕ್ಯಾಮೆರಾಕ್ಕೆ ಬೂಷ್ಟು ಹಿಡಿದದ್ದನ್ನು ನಾನು ನೋಡಿಲ್ಲ.

ಬೆಳಕು ಅಂದೆ, ಬಿಸಿಲಿನ ಬಗ್ಗೆ ಎಚ್ಚರಿಕೆಯನ್ನೂ ಹೇಳಬೇಕು. ಲೆನ್ಸಿನ ಹಿಂದೆ ಕನ್ನಡಿ ಇಲ್ಲದೆ ನೇರ ಬಟ್ಟೆಯ ಪರದೆ ಇರುವ ಕ್ಯಾಮೆರಾಗಳಲ್ಲಿ, ಮುಚ್ಚಳ ತೆಗೆದು ಸೂರ್ಯನ ಕಡೆ ಮುಖಮಾಡಿ ಇಟ್ಟರೆ ಭೂತಗನ್ನಡಿಯಲ್ಲಿ ಕಾಗದ ಸುಟ್ಟ ಹಾಗೆ ಪರದೆಗೆ ತೂತು ಬೀಳುತ್ತದೆ. ತೂತಿದೆಯೇ ಎಂದು ನೋಡಲು ಕತ್ತಲೆ ಕೋಣೆಯಲ್ಲಿ ಲೆನ್ಸು ಮತ್ತು ಹಿಂಬದಿಯ ಮುಚ್ಚಳ ತೆಗೆದು ಪರದೆಯನ್ನು ಬಲ್ಬಿಗೆ ಎದುರು ಹಿಡಿಯಿರಿ. ನಕ್ಷತ್ರದಂಥ ಚುಕ್ಕೆ ಕಂಡರೆ ಅಷ್ಟೂ ಚುಕ್ಕೆ ಚಿತ್ರದಲ್ಲಿ ಬಿಳಿಯಾಗಿ ಬರುತ್ತದೆ. ಜಪಾನಿನ ಕ್ಯಾಮೆರಾಗಳಲ್ಲಿ ಬೇರೆ ಕಾಟ. ಹಿಂಬಾಗಿಲ ಸಂದಿಗೆ ಅಂಟಿಸಿದ ಸ್ಪಂಜು ಇಷ್ಟು ವರ್ಷಕ್ಕೆ ಡಾಂಬರಿನ ಹಾಗೆ ಕರಗಿರುತ್ತದೆ, ಅದನ್ನು ಕೆರೆದು ಕಪ್ಪು ಉಣ್ಣೆಯ ದಾರವನ್ನೋ ಹೊಸ ಸ್ಪಂಜನ್ನೋ ಕೂರಿಸಬೇಕು. ಯಾಶಿಕಾ, ಕ್ಯಾನೊನೆಟ್‌ಗಳಿಗೆ ಬೇಕಾದ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ, ಅಳತೆಗೆ ಹೊಂದಿಸುವ ಬೇರೆ ಬ್ಯಾಟರಿ ಸಿಗುತ್ತವೆ. ಬಳಸದೆ ಇಡುವಾಗ ಬ್ಯಾಟರಿ ತೆಗೆದಿಡಿ, ಶಟರನ್ನು ಎಳೆದು ನಿಲ್ಲಿಸಿ ಇಡಬೇಡಿ.

ದೂರ ಅಳೆಯುವ ಕಿಟಕಿ ಸರಿಯಿದೆಯೇ ಎಂದು ತಿಳಿಯಲು ನಾನು ಲಾಲ್‌ಬಾಗಿನ ಬಂಡೆ ಹತ್ತುತ್ತೇನೆ. ಮೈಲಿ ಆಚೆಗಿನ ಎತ್ತರದ ಕಟ್ಟಡವೊಂದರ ಅಂಚಿಗೆ ಹಿಡಿದು ಲೆನ್ಸನ್ನು ಕೊನೆಯ ತನಕ ತಿರುಗಿಸಿದರೆ ಎರಡು ಬಿಂಬ ಕೂಡಬೇಕು. ಮನೆಯಲ್ಲೇ ಆದರೆ ಹುಣ್ಣಿಮೆಯ ಚಂದ್ರ ಇದ್ದಾನೆ: ಎರಡು ಚಂದ್ರ ಕಂಡರೆ ಕಿಟಕಿ ತಪ್ಪಿದೆ. ಆಮೇಲೆ ಟೇಪು ಹಿಡಿದು ಒಂದು ಮೀಟರಿನಲ್ಲಿ ಗೋಡೆಯ ಮೊಳೆಯೊಂದನ್ನು ನೋಡಿ. ಎರಡರಲ್ಲಿ ಒಂದು ತಪ್ಪಿದ್ದರೂ ತಿರುಪು ನೀವೇ ಬಿಚ್ಚಬೇಡಿ, ಬಲ್ಲವರ ಕೈಗೆ ಕೊಡಿ.

ಬಲ್ಲವರು ಕಡಿಮೆಯಾಗುತ್ತಿದ್ದಾರೆ. ನನಗೆ ನಿಜವಾದ ಆತಂಕ ಇರುವುದು ಇಲ್ಲಿ. ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ಫಿಲ್ಮ್ ನಿಂತುಹೋಯಿತು, ಆದರೆ ಹೊರದೇಶದ ಕಪ್ಪುಬಿಳುಪು ಫಿಲ್ಮ್ ಇನ್ನೂ ಬರುತ್ತಿದೆ, ಮನೆಯ ಬಚ್ಚಲಲ್ಲೇ ರೀಲು ತೊಳೆಯಲು ಕಲಿತ ಹುಡುಗ ಹುಡುಗಿಯರು ಊರಿನಲ್ಲಿ ಈಗ ಹೆಚ್ಚುತ್ತಿದ್ದಾರೆ. ಫಿಲ್ಮ್ ಉಳಿದೀತು. ಶಟರಿನ ಸದ್ದು ಕೇಳಿಯೇ ಯಾವ ಸ್ಪ್ರಿಂಗು ಸಡಿಲವಾಗಿದೆ ಎಂದು ಹೇಳುವ ಕಿವಿ ಉಳಿಯುತ್ತದೆಯೇ ಎಂಬುದೇ ನನ್ನ ಚಿಂತೆ. ಮಾವ ಹೋದ ಮೇಲೆ ಅವರ ರಟ್ಟಿನ ಚಿತ್ರಗಳಲ್ಲಿ ಹನ್ನೆರಡು ನನ್ನ ಹತ್ತಿರ ಉಳಿದಿವೆ. ಮೂರು ಜನ ಹುಡುಗರು ಬಂದು ನೋಡಿಕೊಂಡು ಹೋಗಿದ್ದಾರೆ. ಅವರಲ್ಲಿ ಒಬ್ಬ ಈಗ ಶನಿವಾರ ತಪ್ಪದೆ ಬರುತ್ತಾನೆ.

ನಿಮ್ಮ ಮನೆಯ ಬೀರುವಿನಲ್ಲೂ ಒಂದು ಕ್ಯಾಮೆರಾ ಇದ್ದರೆ ಆಯುಧಪೂಜೆಗೆ ಕಾಯಬೇಡಿ, ಇವತ್ತೇ ಇಳಿಸಿ. ಹಿಂಬಾಗಿಲು ತೆಗೆಯುವ ಮುಂಚೆ ಹಿಂದಕ್ಕೆ ಸುತ್ತುವ ಗುಂಡಿಯನ್ನು ಮೆಲ್ಲಗೆ ತಿರುಗಿಸಿ ನೋಡಿ. ಬಿಗಿಯಿದ್ದರೆ ಒಳಗೆ ಯಾರೋ ತೆಗೆದು ಬಿಟ್ಟ ರೀಲಿದೆ, ಅದನ್ನು ಪೂರ್ತಿ ಸುತ್ತಿ ತೊಳೆಸಲು ಕೊಡಿ. ರೀಲಿಲ್ಲದಿದ್ದರೆ ಫಿಲ್ಮ್ ಸುತ್ತುವ ಹಾಗೆ ಸುತ್ತಿ ಇಪ್ಪತ್ತು ಮೂವತ್ತು ಸಲ ಶಟರ್ ಹೊಡೆಯಿರಿ. ಎಲ್ಲಾದರೂ ಸಿಕ್ಕಿಕೊಂಡರೆ ಬಲವಂತ ಮಾಡದೆ ಅಲ್ಲಿಗೇ ನಿಲ್ಲಿಸಿ, ಊರಿನಲ್ಲಿ ಇನ್ನೂ ಉಳಿದಿರುವ ರಿಪೇರಿಯವರ ಬಳಿಗೆ ಒಯ್ದು, ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.